ವಿವರ್ತನ ಗ್ರೇಟಿಂಗಿನ ಚರಿತ್ರೆಯೂ ಅದನ್ನು ಬಳಸುವ ಕ್ರಮವೂ

ಪದವಿ ತರಗತಿಗಳ ಭೌತವಿಜ್ಞಾನ ಪ್ರಯೋಗಶಾಲೆಯಲ್ಲಿ ರೋಹಿತಮಾಪಕದೊಡನೆ ಬಳಕೆಯಾಗುವ ಸಾಮಗ್ರಿಗಳ ಪೈಕಿ ವಿವರ್ತನ ಗ್ರೇಟಿಂಗಿನಷ್ಟು ಸಣ್ಣದೂ ಅದರಷ್ಟು ನಾಜೂಕಾದುದೂ ಮತ್ತೊಂದಿಲ್ಲವೆಂದರೆ ತಪ್ಪಾಗಲಾರದು. ನೋಡುವುದಕ್ಕೆ ಅದೊಂದು ಗಾಜಿನ ತುಂಡು. ಓರೆಯಾಗಿ ಹಿಡಿದರೆ ಕಾಮನಬಿಲ್ಲಿನ ಬಣ್ಣಗಳು ಅದರ ಮೇಲೆ ಓಡಾಡುತ್ತವೆ. ಅದನ್ನು ಬೆರಳಿನಿಂದ ಮುಟ್ಟಬಾರದು, ಬಟ್ಟೆಯಿಂದ ಒರೆಸಬಾರದು, ಅಂಚನ್ನು ಮಾತ್ರ ಹಿಡಿಯಬೇಕು ಎಂಬ ನಿಯಮಗಳನ್ನು ವಿದ್ಯಾರ್ಥಿಗಳು ಮೊದಲನೆಯ ದಿನವೇ ಕೇಳುತ್ತಾರೆ. ಆದರೆ ಈ ನಿಯಮಗಳು ಸಾಮಾನ್ಯವಾಗಿ ಆಜ್ಞೆಗಳಾಗಿಯೇ ಉಳಿದುಬಿಡುತ್ತವೆ. ಅವುಗಳ ಹಿಂದಿರುವ ಕಾರಣವನ್ನು ತಿಳಿಸುವ ಪದ್ಧತಿ ವಿರಳ. ಕಾರಣ ತಿಳಿಯದ ನಿಯಮವನ್ನು ಜನ ಬಹುಕಾಲ ಪಾಲಿಸುವುದಿಲ್ಲ. ಗ್ರೇಟಿಂಗಿನ ವಿಷಯದಲ್ಲಿ ಆ ಕಾರಣಗಳನ್ನು ಅದರ ಚರಿತ್ರೆಯಲ್ಲಿಯೇ ಹುಡುಕಬೇಕಾಗಿದೆ. ಇದನ್ನು ಮಾಡಿದವರು ಏನನ್ನು ಸಾಧಿಸಲು ಹೆಣಗಿದರು, ಯಾವ ದೋಷಗಳಿಗೆ ಅಂಜಿದರು ಎಂಬುದನ್ನು ಅರಿತರೆ ಅದನ್ನು ಹೇಗೆ ಕೈಗೆತ್ತಿಕೊಳ್ಳಬೇಕೆಂಬುದು ತಾನಾಗಿಯೇ ವಿಶದವಾಗುತ್ತದೆ. ಪ್ರಕೃತ ಲೇಖನದ ಉದ್ದೇಶ ಇದೇ.

೧. ಗರಿ, ಕೂದಲು, ತಂತಿ

ಒತ್ತಾಗಿ ಸಾಲುಗೊಂಡ ಎಳೆಗಳ ಮೂಲಕ ಹಾಯ್ದ ಬೆಳಕು ಬಣ್ಣಗಳಾಗಿ ಒಡೆಯುತ್ತದೆಂಬುದನ್ನು ಗಮನಿಸಿದವರಲ್ಲಿ ಸ್ಕಾಟ್ಲೆಂಡಿನ ಗಣಿತಜ್ಞ ಜೇಮ್ಸ್ ಗ್ರೆಗೊರಿ ಮೊದಲಿಗನು. ಕತ್ತಲೆಯ ಕೋಣೆಗೆ ಸಣ್ಣ ರಂಧ್ರದಿಂದ ಬಂದ ಬಿಸಿಲಿಗೆ ಹಕ್ಕಿಯ ಗರಿಯೊಂದನ್ನು ಅಡ್ಡವಾಗಿಟ್ಟು ತಾನು ಕಂಡ ಬಣ್ಣಗಳ ವಿಷಯವನ್ನು ಅವನು ೧೬೭೩ರಲ್ಲಿ ಪತ್ರವೊಂದರಲ್ಲಿ ಬರೆದನು. ಆ ಸೂಚನೆಯನ್ನು ಯಾರೂ ಮುಂದುವರಿಸಲಿಲ್ಲ. ಶತಮಾನಕ್ಕೂ ಮಿಕ್ಕಿ ಕಾಲ ಕಳೆದ ಮೇಲೆ, ಅಮೆರಿಕದ ಫಿಲಡೆಲ್ಫಿಯದಲ್ಲಿ ಫ್ರಾನ್ಸಿಸ್ ಹಾಪ್ಕಿನ್ಸನ್ ಎಂಬಾತನು ರೇಷ್ಮೆಯ ಕರವಸ್ತ್ರದ ಮೂಲಕ ಬೀದಿಯ ದೀಪವನ್ನು ನೋಡಿ, ಅಲ್ಲಿ ಕಂಡ ವಿಚಿತ್ರವೇನೆಂದು ತನ್ನ ಮಿತ್ರನಾದ ಡೇವಿಡ್ ರಿಟನ್‌ಹೌಸನನ್ನು ಕೇಳಿದನು. ರಿಟನ್‌ಹೌಸನು ಗಡಿಯಾರ ಹಾಗೂ ಖಗೋಳ ಯಂತ್ರಗಳ ನಿರ್ಮಾಣದಲ್ಲಿ ನುರಿತವನು. ಅಂಗುಲಕ್ಕೆ ೧೦೬ ಸುತ್ತುಗಳುಳ್ಳ ಎರಡು ಸಣ್ಣ ಹಿತ್ತಾಳೆಯ ತಿರುಪುಗಳನ್ನು ಮಾಡಿಸಿ, ಅವುಗಳ ತೋಡುಗಳಲ್ಲಿ ಐವತ್ತು ಅರವತ್ತು ಕೂದಲುಗಳನ್ನು ಸಮಾನಾಂತರವಾಗಿ ಕೂಡಿಸಿ, ಅರ್ಧ ಅಂಗುಲದ ಚೌಕವೊಂದನ್ನು ಸಿದ್ಧಪಡಿಸಿದನು. ಅದರ ಮೂಲಕ ನೋಡಿದಾಗ ಕಂಡ ಬಣ್ಣದ ಬಿಂಬಗಳ ಕೋನಗಳನ್ನು ಅಳೆದನು. ಈ ಪತ್ರವ್ಯವಹಾರ ೧೭೮೬ರಲ್ಲಿ ಅಚ್ಚಾಯಿತಾದರೂ ಯೂರೋಪಿನ ವಿದ್ವಾಂಸರ ಗಮನವನ್ನು ಅದು ಸೆಳೆಯಲಿಲ್ಲ.

ಗ್ರೇಟಿಂಗನ್ನು ಅಳತೆಯ ಸಾಧನವನ್ನಾಗಿ ಮಾಡಿದ ಕೀರ್ತಿ ಬವೇರಿಯದ ಯೋಸೆಫ್ ಫ್ರೌನ್‌ಹೋಫರನಿಗೆ ಸಲ್ಲಬೇಕು. ಸೂರ್ಯನ ರೋಹಿತದಲ್ಲಿರುವ ಕಪ್ಪು ಗೆರೆಗಳನ್ನು ೧೮೧೪ರಲ್ಲಿ ಗುರುತಿಸಿ, ಐನೂರಕ್ಕೂ ಹೆಚ್ಚು ಗೆರೆಗಳ ಸ್ಥಾನಗಳನ್ನು ನಕ್ಷೆಯಲ್ಲಿ ದಾಖಲಿಸಿದವನು ಇವನೇ. ಅಶ್ರಗದಿಂದ ದೊರೆಯುವ ರೋಹಿತದಲ್ಲಿ ಗೆರೆಗಳ ಅಂತರ ಗಾಜಿನ ಗುಣವನ್ನು ಅವಲಂಬಿಸಿರುತ್ತದೆ; ಗಾಜು ಬದಲಾದರೆ ನಕ್ಷೆಯೂ ಬದಲಾಗುತ್ತದೆ. ಗ್ರೇಟಿಂಗಿನಲ್ಲಾದರೋ ಎಳೆಗಳ ನಡುವಣ ದೂರ, ಬೆಳಕು ತಿರುಗುವ ಕೋನ ಇವೆರಡನ್ನೇ ಅಳೆದು ಬೆಳಕಿನ ತರಂಗದೂರವನ್ನು ನೇರವಾಗಿ ಪಡೆಯಬಹುದು. ಫ್ರೌನ್‌ಹೋಫರನು ೧೮೨೧ರ ಸುಮಾರಿನಲ್ಲಿ ಎರಡು ತಿರುಪುಗಳ ನಡುವೆ ೨೬೦ ಸಣ್ಣ ತಂತಿಗಳನ್ನು ಬಿಗಿದು ಇಂಥ ಗ್ರೇಟಿಂಗನ್ನು ರಚಿಸಿದನು. ಬಳಿಕ ಗಾಜಿಗೆ ಚಿನ್ನದ ರೇಕನ್ನು ಹಚ್ಚಿ ಅದರ ಮೇಲೆ ಗೆರೆ ಎಳೆದನು. ಕಡೆಗೆ ವಜ್ರದ ಮೊನೆಯಿಂದ ಗಾಜಿನ ಮೇಲೆಯೇ ಗೀಚಿ, ಮಿಲಿಮೀಟರಿಗೆ ಸುಮಾರು ೩೦೦ ಗೆರೆಗಳವರೆಗೆ ಮುಟ್ಟಿದನು. ಗೆರೆಗಳು ನುಣ್ಣಗಿರುವುದಕ್ಕಿಂತ ಅವುಗಳ ಅಂತರ ಸಮನಾಗಿರುವುದು ಮುಖ್ಯವೆಂಬುದೂ, ವಜ್ರದ ಮೊನೆಯ ಆಕಾರಕ್ಕೆ ತಕ್ಕಂತೆ ಒಂದು ಪಕ್ಕದ ರೋಹಿತ ಮತ್ತೊಂದಕ್ಕಿಂತ ಉಜ್ಜ್ವಲವಾಗಬಹುದೆಂಬುದೂ ಅವನಿಗೆ ಆಗಲೇ ಗೋಚರವಾಗಿದ್ದವು. ೧೮೨೬ರಲ್ಲಿ, ಮೂವತ್ತೊಂಬತ್ತರ ಪ್ರಾಯದಲ್ಲಿ, ಅವನು ತೀರಿಕೊಂಡನು.

೨. ನೋಬರ್ಟನ ಫಲಕದಿಂದ ಬಾಮರನ ಸೂತ್ರಕ್ಕೆ

ಫ್ರೌನ್‌ಹೋಫರನ ತರುವಾಯ ಈ ಕಲೆಯನ್ನು ಉಳಿಸಿದವನು ಪೊಮೆರೇನಿಯದ ಬಾರ್ಟ್ ಪಟ್ಟಣದ ಉಪಕರಣ ನಿರ್ಮಾಪಕ ಫ್ರೀಡ್ರಿಶ್ ಆಡೋಲ್ಫ್ ನೋಬರ್ಟ್. ಸೂಕ್ಷ್ಮದರ್ಶಕಗಳನ್ನು ಪರೀಕ್ಷಿಸಲೆಂದು ಗಾಜಿನ ಮೇಲೆ ಅತಿ ಒತ್ತಾದ ಗೆರೆಗಳನ್ನೆಳೆಯುವುದರಲ್ಲಿ ಇವನು ಹೆಸರಾಗಿದ್ದನು. ಸ್ವೀಡನ್ನಿನ ಉಪ್ಸಾಲದ ಆಂಡರ್ಸ್ ಓಂಗ್‌ಸ್ಟ್ರೋಮನು ನೋಬರ್ಟನ ಗ್ರೇಟಿಂಗುಗಳಿಂದಲೇ ಸೂರ್ಯರೋಹಿತದ ಗೆರೆಗಳನ್ನಳೆದು ೧೮೬೮ರಲ್ಲಿ ತನ್ನ ನಕ್ಷೆಯನ್ನು ಪ್ರಕಟಿಸಿದನು. ಮೀಟರಿನ ಸಾವಿರ ಕೋಟಿಯಲ್ಲೊಂದು ಭಾಗಕ್ಕೆ ಅವನ ಹೆಸರು ನಿಂತುದು ಈ ಕಾರ್ಯದಿಂದ. ಹದಿನೇಳು ವರ್ಷಗಳ ಅನಂತರ, ಸ್ವಿಟ್ಜರ್‌ಲೆಂಡಿನ ಶಾಲೋಪಾಧ್ಯಾಯ ಯೋಹಾನ್ ಬಾಮರನು ಹೈಡ್ರೊಜನ್ನಿನ ನಾಲ್ಕು ಗೆರೆಗಳಿಗೆ ಓಂಗ್‌ಸ್ಟ್ರೋಮನು ಕೊಟ್ಟಿದ್ದ ಅಂಕಿಗಳನ್ನು ಎದುರಿಗಿಟ್ಟುಕೊಂಡು, ಅವೆಲ್ಲವೂ ಒಂದೇ ಸರಳ ಸೂತ್ರಕ್ಕೆ ಒಳಪಡುತ್ತವೆಂದು ತೋರಿಸಿದನು. ಆ ಸೂತ್ರವೇ ೧೯೧೩ರಲ್ಲಿ ನೀಲ್ಸ್ ಬೋರನ ಪರಮಾಣು ಸಿದ್ಧಾಂತಕ್ಕೆ ಆಧಾರವಾಯಿತು. ಬಾರ್ಟ್ ಪಟ್ಟಣದ ಗಾಜಿನ ಗೆರೆಗಳು ಸಮಾಂತರದಲ್ಲಿ ಇಲ್ಲದಿದ್ದಿದ್ದರೆ ಆ ಅಂಕಿಗಳ ಕಡೆಯ ಸ್ಥಾನಗಳು ನಂಬಿಕೆಗೆ ಅರ್ಹವಾಗುತ್ತಿರಲಿಲ್ಲ.

ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳಬೇಕು. ಓಂಗ್‌ಸ್ಟ್ರೋಮನ ತರಂಗದೂರಗಳಲ್ಲಿ ಒಂದು ಸಣ್ಣ ತಪ್ಪು ಉಳಿದಿತ್ತು. ಅದು ಗ್ರೇಟಿಂಗಿನ ತಪ್ಪಾಗಿರಲಿಲ್ಲ. ಅದರ ಅಗಲವನ್ನು ಅಳೆಯಲು ಆಧಾರವಾಗಿದ್ದ ಉಪ್ಸಾಲದ ಮೀಟರ್ ದಂಡದ ಮೌಲ್ಯವೇ ಸರಿಯಾಗಿರಲಿಲ್ಲ. ಓಂಗ್‌ಸ್ಟ್ರೋಮನು ೧೮೭೪ರಲ್ಲಿ ನಿಧನನಾದ ಮೇಲೆ ಅವನ ಸಹೋದ್ಯೋಗಿ ತಾಲೇನನು ೧೮೮೪ರಲ್ಲಿ ತಿದ್ದುಪಡಿಯನ್ನು ಪ್ರಕಟಿಸಿದನು. ದಂಡದ ತಪ್ಪು ಎಲ್ಲ ಅಂಕಿಗಳನ್ನೂ ಒಂದೇ ಪ್ರಮಾಣದಲ್ಲಿ ಬದಲಿಸಿತ್ತಾದ್ದರಿಂದ ಅವುಗಳ ಪರಸ್ಪರ ಸಂಬಂಧ ಕೆಡಲಿಲ್ಲ. ಬಾಮರನ ಸೂತ್ರಕ್ಕೂ ಬಾಧೆಯಾಗಲಿಲ್ಲ. ತಪ್ಪುಗಳಲ್ಲಿ ತಿದ್ದಬಹುದಾದವು, ತಿದ್ದಲಾಗದವು ಎಂಬ ಭೇದವಿರುವುದನ್ನು ಈ ಪ್ರಸಂಗ ನೆನಪಿಗೆ ತರುತ್ತದೆ.

೩. ರೋಲೆಂಡನ ಯಂತ್ರ

ನ್ಯೂಯಾರ್ಕಿನ ಲೂಯಿಸ್ ರುದರ್‌ಫರ್ಡನು ನ್ಯಾಯವಾದಿಯ ವೃತ್ತಿಯನ್ನು ತೊರೆದು ಖಗೋಳಶಾಸ್ತ್ರಕ್ಕೆ ತನ್ನನ್ನು ಒಪ್ಪಿಸಿಕೊಂಡವನು. ನೀರಿನ ಚಕ್ರದಿಂದ ನಡೆಯುವ ಗೆರೆಯಂತ್ರವೊಂದನ್ನು ಅವನು ರಚಿಸಿ, ಅಂಗುಲಕ್ಕೆ ೧೭,೨೯೬ ಗೆರೆಗಳುಳ್ಳ ಫಲಕಗಳನ್ನು ತಯಾರಿಸಿ ವಿಜ್ಞಾನಿಗಳಿಗೆ ಹಂಚಿದನು. ಗಾಜು ವಜ್ರದ ಮೊನೆಯನ್ನು ಬೇಗ ಸವೆಸುತ್ತಿದ್ದುದರಿಂದ ತಾಮ್ರ ತವರಗಳ ಮಿಶ್ರಲೋಹವಾದ ಸ್ಪೆಕ್ಯುಲಮ್ ಬಳಕೆಗೆ ಬಂದಿತು. ನಮ್ಮ ಕಂಚಿನ ಬಳಗಕ್ಕೇ ಸೇರಿದ, ಆದರೆ ತವರದ ಪಾಲು ಹೆಚ್ಚಾಗಿರುವ ಈ ಲೋಹವನ್ನು ಕನ್ನಡಿಯಂತೆ ಹೊಳೆಯಿಸಬಹುದು.

ಆದರೆ ಈ ಎಲ್ಲ ಯಂತ್ರಗಳಿಗೂ ಒಂದು ರೋಗವಿತ್ತು. ಗೆರೆಯಿಂದ ಗೆರೆಗೆ ಫಲಕವನ್ನು ಸರಿಸುವುದು ಒಂದು ತಿರುಪು. ಆ ತಿರುಪು ಒಂದು ಸುತ್ತು ತಿರುಗುವಾಗ ಎಲ್ಲಿಯಾದರೂ ಒಂದಿಷ್ಟು ಹೆಚ್ಚು ಕಡಿಮೆ ಸರಿದರೆ, ಪ್ರತಿ ಸುತ್ತಿನಲ್ಲಿಯೂ ಅದೇ ತಪ್ಪು ಅದೇ ಸ್ಥಳದಲ್ಲಿ ಮರುಕಳಿಸುತ್ತದೆ. ಹೀಗೆ ನಿಯತವಾಗಿ ಮರುಕಳಿಸುವ ತಪ್ಪು ತಾನೇ ಎರಡನೆಯದೊಂದು ಗ್ರೇಟಿಂಗಿನಂತೆ ವರ್ತಿಸಿ, ನಿಜವಾದ ಗೆರೆಯ ಎರಡು ಪಕ್ಕಗಳಲ್ಲಿಯೂ ಸುಳ್ಳು ಗೆರೆಗಳನ್ನು ಮೂಡಿಸುತ್ತದೆ. ಇವುಗಳಿಗೆ ಭೂತಗಳೆಂಬ ಹೆಸರೇ ರೂಢವಾಯಿತು. ಅಮೆರಿಕದ ಚಾರ್ಲ್ಸ್ ಪರ್ಸನು ೧೮೭೯ರಲ್ಲಿ ಇವುಗಳ ಗಣಿತವನ್ನು ವಿವೇಚಿಸಿದನು. ಕ್ರಮವಿಲ್ಲದ ತಪ್ಪು ಒಂದಿಷ್ಟು ಬೆಳಕನ್ನು ಚೆಲ್ಲಾಪಿಲ್ಲಿ ಮಾಡಿ ಸುಮ್ಮನಾಗುತ್ತದೆ. ಕ್ರಮಬದ್ಧವಾದ ತಪ್ಪಾದರೋ ಇಲ್ಲದ ಗೆರೆಯನ್ನು ಇದೆಯೆಂದು ಸಾಕ್ಷಿ ಹೇಳುತ್ತದೆ.

ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ಹೆನ್ರಿ ರೋಲೆಂಡನು ಈ ರೋಗದ ಮೂಲಕ್ಕೇ ಕೈಹಾಕಿದನು. ಉದ್ದವಾದ ತಿರುಪನ್ನು ಉದ್ದವಾದ ನಟ್ಟಿನೊಳಗೆ ನೀರಿನಲ್ಲಿ ಅರೆದು ಅರೆದು ಸಮಗೊಳಿಸುವ ವಿಧಾನವನ್ನು ಅವನು ರೂಪಿಸಿದನು. ಬ್ರಿಟಾನಿಕ ವಿಶ್ವಕೋಶದ ಒಂಬತ್ತನೆಯ ಆವೃತ್ತಿಯಲ್ಲಿ ತಿರುಪನ್ನು ಕುರಿತ ಲೇಖನವನ್ನು ಬರೆದವನೂ ಅವನೇ. ೧೮೮೨ರಲ್ಲಿ ಅವನ ಯಂತ್ರ ಸಿದ್ಧವಾಯಿತು. ಅದೇ ವರ್ಷ ಅವನು ಗೆರೆಗಳನ್ನು ತಗ್ಗು ಕನ್ನಡಿಯ ಮೇಲೆ ಎಳೆದು, ಮಸೂರಗಳ ನೆರವಿಲ್ಲದೆ ರೋಹಿತವನ್ನು ತಾನೇ ನಾಭೀಕರಿಸುವ ಗ್ರೇಟಿಂಗನ್ನೂ ಪ್ರಕಟಿಸಿದನು. ಯಂತ್ರವನ್ನು ನೆಲಮಾಳಿಗೆಯಲ್ಲಿಟ್ಟು ಉಷ್ಣತೆ ಏರಿಳಿಯದಂತೆ ಕಾಯಬೇಕಾಗಿತ್ತು. ಅಂಗುಲಕ್ಕೆ ೨೦,೦೦೦ ಗೆರೆಗಳಂತೆ ಆರಂಗುಲದ ಫಲಕವೊಂದನ್ನು ಮುಗಿಸಲು, ಎಲ್ಲವೂ ಸುಸೂತ್ರವಾಗಿ ನಡೆದರೆ, ಐದು ಹಗಲು ಐದು ರಾತ್ರಿ ಹಿಡಿಯುತ್ತಿತ್ತು. ತಕ್ಕ ವಜ್ರದ ಮೊನೆಯೊಂದನ್ನು ಹುಡುಕುವುದರಲ್ಲಿ ಒಂದು ವರ್ಷವೇ ಕಳೆದುಹೋಗಬಹುದೆಂದು ಆ ಪ್ರಯೋಗಶಾಲೆಯವರು ಹೇಳುತ್ತಿದ್ದರು. ಲೋಹದ ಫಲಕಗಳಿಗೆ ಮೆರುಗು ಕೊಡುತ್ತಿದ್ದವನು ಪೆನ್ಸಿಲ್ವೇನಿಯದ ಜಾನ್ ಬ್ರಷೀರ್. ಯಂತ್ರವನ್ನು ನೋಡಿಕೊಳ್ಳುತ್ತಿದ್ದವನು ಥಿಯೊಡೋರ್ ಶ್ನೈಡರ್ ಎಂಬ ಕುಶಲಕರ್ಮಿ.

ಈ ಫಲಕಗಳು ಲೋಕದ ಪ್ರಯೋಗಶಾಲೆಗಳಿಗೆ ಹರಡಿದ ಫಲವಾಗಿ ದೊರೆತ ಶೋಧಗಳಲ್ಲಿ ಒಂದನ್ನು ಮಾತ್ರ ಇಲ್ಲಿ ಸ್ಮರಿಸೋಣ. ಆಯಸ್ಕಾಂತದ ಕ್ಷೇತ್ರದಲ್ಲಿಟ್ಟ ಜ್ವಾಲೆಯ ಬೆಳಕಿನಲ್ಲಿ ಏನಾದರೂ ಬದಲಾವಣೆ ಕಾಣುವುದೇ ಎಂದು ಮೈಕೆಲ್ ಫ್ಯಾರಡೆ ೧೮೬೨ರಲ್ಲಿ ಪರೀಕ್ಷಿಸಿ ಏನನ್ನೂ ಕಾಣದೆ ಕೈಬಿಟ್ಟಿದ್ದನು. ೧೮೯೬ರಲ್ಲಿ ಲೈಡನ್ನಿನ ಪೀಟರ್ ಜೇಮನ್ನನು ರೋಲೆಂಡನ ತಗ್ಗು ಗ್ರೇಟಿಂಗನ್ನಿಟ್ಟು ಅದೇ ಪ್ರಯೋಗವನ್ನು ಮಾಡಿದಾಗ ಸೋಡಿಯಮ್ಮಿನ ಗೆರೆಗಳು ಅಗಲವಾದುದು ಸ್ಪಷ್ಟವಾಗಿ ಕಂಡಿತು. ಫ್ಯಾರಡೆಯ ಊಹೆ ಸರಿಯಾಗಿತ್ತು. ಅವನಲ್ಲಿ ಇಲ್ಲದಿದ್ದುದು ಅದನ್ನು ಕಾಣಿಸಬಲ್ಲ ಫಲಕ.

ರೋಲೆಂಡನು ೧೯೦೧ರಲ್ಲಿ ಮೃತನಾದನು. ಅವನ ಅಪೇಕ್ಷೆಯಂತೆ ಚಿತಾಭಸ್ಮವನ್ನು ಆ ಗೆರೆಯಂತ್ರವಿದ್ದ ನೆಲಮಾಳಿಗೆಯ ಗೋಡೆಯಲ್ಲಿ ಇರಿಸಲಾಯಿತು.

೪. ಮೂಲದಿಂದ ಪ್ರತಿಗೆ

ಆಲ್ಬರ್ಟ್ ಮೈಕೆಲ್ಸನ್ನನು ಷಿಕಾಗೋದಲ್ಲಿ ಈ ಶತಮಾನದ ಹಿಂದಿನ ಶತಮಾನ ಆರಂಭವಾಗುವ ಹೊತ್ತಿಗೆ ಗೆರೆಯಂತ್ರವನ್ನು ಕಟ್ಟತೊಡಗಿದನು. ಕೆಲವು ತಿಂಗಳ ಕೆಲಸವೆಂದು ಭಾವಿಸಿದ್ದುದು ಹಲವು ವರ್ಷಗಳನ್ನು ನುಂಗಿತು. ರಾಬರ್ಟ್ ವುಡ್ಡನು ೧೯೧೦ರಲ್ಲಿ ತೋಡಿನ ಆಕಾರವನ್ನು ಬೇಕೆಂದಂತೆ ಓರೆಗೊಳಿಸಿ ಬೆಳಕಿನ ಬಹುಭಾಗವನ್ನು ಒಂದೇ ರೋಹಿತದತ್ತ ಕಳುಹಿಸುವ ಮಾರ್ಗವನ್ನು ತೋರಿಸಿದನು. ೧೯೩೦ರ ದಶಕದಲ್ಲಿ ಜಾನ್ ಸ್ಟ್ರಾಂಗನು ನಿರ್ವಾತದಲ್ಲಿ ಗಾಜಿನ ಮೇಲೆ ಅಲ್ಯೂಮಿನಿಯಮ್ಮಿನ ತೆಳುಲೇಪವನ್ನು ಕೂಡಿಸಿ ಅದರ ಮೇಲೆ ಗೆರೆ ಎಳೆಯುವ ಪದ್ಧತಿಯನ್ನು ತಂದನು. ಅಲ್ಯೂಮಿನಿಯಮ್ ಮೃದುವಾದುದರಿಂದ ವಜ್ರ ಸವೆಯುವುದು ಕಡಿಮೆಯಾಯಿತು. ಅದೇ ಕಾರಣದಿಂದ ಗೆರೆಗಳ ಮೈ ಹಿಂದೆಂದಿಗಿಂತಲೂ ಕೋಮಲವಾಯಿತೆಂಬುದನ್ನೂ ಮರೆಯಬಾರದು. ೧೯೫೫ರಲ್ಲಿ ಜಾರ್ಜ್ ಹ್ಯಾರಿಸನ್ನನು ಬೆಳಕಿನ ವ್ಯತಿಕರಣದಿಂದಲೇ ಯಂತ್ರದ ನಡೆಯನ್ನು ತಿದ್ದುವ ವ್ಯವಸ್ಥೆಯನ್ನು ಪ್ರಕಟಿಸಿದನು. ೧೯೬೭ರ ಸುಮಾರಿನಿಂದ ಲೇಸರ್ ಕಿರಣಗಳ ವ್ಯತಿಕರಣದ ಪಟ್ಟಿಗಳನ್ನೇ ಬೆಳಕಿಗೆ ಸ್ಪಂದಿಸುವ ಲೇಪದ ಮೇಲೆ ಮೂಡಿಸುವ ಹೊಲೊಗ್ರಾಫಿಕ್ ಗ್ರೇಟಿಂಗುಗಳು ಬಂದವು. ಅವುಗಳಲ್ಲಿ ತಿರುಪೇ ಇಲ್ಲವಾದ್ದರಿಂದ ತಿರುಪಿನ ಭೂತಗಳೂ ಇಲ್ಲ.

ಇಂಥ ಮೂಲಫಲಕಗಳು ನಮ್ಮ ಕಾಲೇಜುಗಳ ಮೇಜಿನ ಮೇಲೆ ಇರುವುದಿಲ್ಲ, ಅಲ್ಲಿರುವುದು ಪ್ರತಿಗಳು. ಲಾರ್ಡ್ ರೇಲಿಯು ೧೮೭೦ರ ದಶಕದಲ್ಲಿ ಛಾಯಾಚಿತ್ರಣದಿಂದ ಪ್ರತಿ ತೆಗೆಯುವ ಯತ್ನ ಮಾಡಿದನು. ೧೯೦೦ರ ಸುಮಾರಿಗೆ ಇಂಗ್ಲೆಂಡಿನ ಥಾಮಸ್ ಥಾರ್ಪನು ಮೂಲಫಲಕದ ಮೇಲೆ ಸೆಲ್ಯುಲಾಯಿಡ್ ದ್ರಾವಣವನ್ನು ಹೊಯ್ದು, ಒಣಗಿದ ಪೊರೆಯನ್ನು ಸುಲಿದು ಗಾಜಿಗೆ ಅಂಟಿಸಿದನು. ೧೯೪೯ರಲ್ಲಿ ವೈಟ್ ಮತ್ತು ಫ್ರೇಜರ್ ಎಂಬವರ ವಿಧಾನದಿಂದ ರಾಳದಲ್ಲಿ ಅಚ್ಚು ತೆಗೆದ ನಂಬಲರ್ಹ ಪ್ರತಿಗಳು ಸುಲಭವಾಗಿ ದೊರೆಯುವಂತಾದವು. ಬೆಲೆ ಇಳಿಯಿತು. ಬೆಲೆ ಇಳಿದೊಡನೆ ವಸ್ತುವಿನ ಮೇಲಣ ಎಚ್ಚರವೂ ಇಳಿಯುವುದು ಲೋಕದ ವಾಡಿಕೆ. ಆದರೆ ಪ್ರತಿಯ ಮೈಮೇಲಿರುವ ತೋಡುಗಳು ಮೂಲದ ತೋಡುಗಳಷ್ಟೇ ಸೂಕ್ಷ್ಮವಾದವು; ಪೊರೆ ಅಥವಾ ರಾಳ ಗಾಜಿಗಿಂತ ಮೃದುವಾದುದು.

೫. ಒರೆಸಬಾರದೇಕೆ?

ಈಗ ನಿಯಮಗಳ ಕಾರಣಕ್ಕೆ ಬರೋಣ. ವಿದ್ಯಾರ್ಥಿಗಳ ಗ್ರೇಟಿಂಗಿನಲ್ಲಿ ಅಂಗುಲಕ್ಕೆ ೧೫,೦೦೦ ಗೆರೆಗಳಿದ್ದರೆ ಎರಡು ಗೆರೆಗಳ ನಡುವಣ ದೂರ ಸುಮಾರು ೧.೬೯ ಮೈಕ್ರೊಮೀಟರ್. ತಲೆಗೂದಲಿನ ದಪ್ಪ ೭೦ ಮೈಕ್ರೊಮೀಟರ್ ಎಂದಿಟ್ಟುಕೊಂಡರೆ, ರಿಟನ್‌ಹೌಸನ ಒಂದು ಕೂದಲಿನಡಿ ಇಂಥ ನಲವತ್ತು ಗೆರೆಗಳು ಅಡಗುತ್ತವೆ. ತೋಡಿನ ಆಳವೂ ಬೆಳಕಿನ ತರಂಗದೂರಕ್ಕೆ ಹೋಲಿಸಬಹುದಾದಷ್ಟೇ. ಬೆರಳು ತಗುಲಿದರೆ ಚರ್ಮದ ಜಿಡ್ಡು ಈ ತೋಡುಗಳನ್ನು ತುಂಬುತ್ತದೆ. ಬೆವರಿನ ಉಪ್ಪು ಅಲ್ಯೂಮಿನಿಯಮ್ ಲೇಪವನ್ನು ಕಾಲಕ್ರಮದಲ್ಲಿ ತಿನ್ನುತ್ತದೆ. ಮಸೂರಕ್ಕೆ ಇಂಥ ಕಲೆ ತಗುಲಿದರೆ ಒರೆಸಿ ತೆಗೆಯಬಹುದು, ಏಕೆಂದರೆ ಅದರ ಮೈ ನುಣುಪು. ಗ್ರೇಟಿಂಗನ್ನು ಒರೆಸಿದರೆ ಬಟ್ಟೆಯ ಎಳೆಯೂ ಅದರಲ್ಲಿ ಸಿಕ್ಕಿದ ಮರಳಿನ ಕಣವೂ ತೋಡುಗಳ ಅಂಚುಗಳನ್ನೇ ಮುರಿಯುತ್ತವೆ. ಆಲ್ಕೊಹಾಲ್, ಅಸಿಟೋನ್ ಮುಂತಾದ ದ್ರಾವಕಗಳು ಪೊರೆಯನ್ನೋ ರಾಳವನ್ನೋ ಕರಗಿಸುವ ಅಥವಾ ಉಬ್ಬಿಸುವ ಅಪಾಯವುಂಟು.

ಹಾಗಾದರೆ ಧೂಳು ಬಿದ್ದ ಗ್ರೇಟಿಂಗನ್ನು ಏನು ಮಾಡಬೇಕು? ಇದಕ್ಕೆ ಸಣ್ಣದೊಂದು ಲೆಕ್ಕ ಉತ್ತರ ಕೊಡುತ್ತದೆ. ಸೋಡಿಯಮ್ಮಿನ ಜೋಡಿಗೆರೆಗಳ ತರಂಗದೂರಗಳು ೫೮೯.೦ ಹಾಗೂ ೫೮೯.೬ ನ್ಯಾನೊಮೀಟರ್. ಇವನ್ನು ಮೊದಲನೆಯ ಶ್ರೇಣಿಯಲ್ಲಿ ಬೇರ್ಪಡಿಸಲು ಸುಮಾರು ಒಂದು ಸಾವಿರ ಗೆರೆಗಳು ಸಾಕು. ಅಂದರೆ ಫಲಕದ ಅಗಲದಲ್ಲಿ ೧.೭ ಮಿಲಿಮೀಟರಿನಷ್ಟು ಭಾಗ. ಒಂದಂಗುಲದ ಫಲಕದಲ್ಲಿ ಇದರ ಹದಿನೈದರಷ್ಟು ಗೆರೆಗಳಿವೆ. ಅಲ್ಲಲ್ಲಿ ಬಿದ್ದ ಧೂಳಿನ ಕಣ ತಾನು ಮುಚ್ಚಿದಷ್ಟು ಜಾಗದ ಬೆಳಕನ್ನು ಕಳೆಯುತ್ತದೆ, ಒಂದಿಷ್ಟು ಬೆಳಕನ್ನು ಚದರಿಸುತ್ತದೆ, ಅಷ್ಟೆ. ಅದು ಕ್ರಮವಿಲ್ಲದ ದೋಷವಾದ್ದರಿಂದ ಸುಳ್ಳು ಗೆರೆಯನ್ನು ಹುಟ್ಟಿಸದು. ಗೆರೆಯ ಸ್ಥಾನವನ್ನೂ ಕದಲಿಸದು. ಬಟ್ಟೆಯಾದರೋ ಧೂಳಿಲ್ಲದ ಜಾಗವನ್ನೂ ಕೆಡಿಸುತ್ತಾ ಹೋಗುತ್ತದೆ. ಆದ್ದರಿಂದ ಧೂಳನ್ನು ಇದ್ದಂತೆಯೇ ಬಿಡುವುದು ಉತ್ತಮ. ತೀರ ಹೆಚ್ಚಾದರೆ ರಬ್ಬರ್ ಬುರುಡೆಯಿಂದ ಒಣ ಗಾಳಿಯನ್ನು ಓರೆಯಾಗಿ ಊದಬಹುದು. ಬಾಯಿಂದ ಊದುವುದು ಸಲ್ಲದು; ಉಗುಳಿನ ಹನಿ ಬೆರಳಿನ ಕಲೆಗಿಂತ ಮೇಲಲ್ಲ. ಬೆರಳಚ್ಚು ಬಿದ್ದೇಹೋಗಿದ್ದರೆ, ಫಲಕದ ಉಳಿದ ಭಾಗದಲ್ಲಿ ಕೆಲಸ ನಡೆಯುವುದೇ ಎಂದು ಮೊದಲು ಪರೀಕ್ಷಿಸಬೇಕು. ಬಹುಮಟ್ಟಿಗೆ ನಡೆಯುತ್ತದೆ.

೬. ಅಳವಡಿಸುವ ಕ್ರಮ

ಗ್ರೇಟಿಂಗು ಪೆಟ್ಟಿಗೆಯಿಂದ ಕಡೆಗೆ ಹೊರಬರಬೇಕು, ಎಲ್ಲಕ್ಕಿಂತ ಮೊದಲು ಪೆಟ್ಟಿಗೆಗೆ ಹಿಂದಿರುಗಬೇಕು. ಅದಕ್ಕೆ ಮುಂಚೆ ಮಾಡಿ ಮುಗಿಸಬಹುದಾದ ಕೆಲಸಗಳು ಹಲವಿವೆ. ನೇತ್ರಕವನ್ನು ಅಡ್ಡತಂತಿಗಳಿಗೂ, ದೂರದರ್ಶಕವನ್ನು ಕಿಟಕಿಯಾಚೆಯ ದೂರದ ವಸ್ತುವಿಗೂ ಹೊಂದಿಸುವುದು. ಕಾಲಿಮೇಟರಿನ ಸೀಳುಗಂಡಿಯನ್ನು ಕಿರಿದುಗೊಳಿಸಿ ನೆಟ್ಟಗೆ ನಿಲ್ಲಿಸುವುದು. ಸ್ಪಿರಿಟ್ ಲೆವೆಲ್ಲಿನಿಂದ ಮೇಜನ್ನು ಮಟ್ಟಗೊಳಿಸುವುದು. ದೀಪವನ್ನು ಹೊತ್ತಿಸಿ ಅದು ಪೂರ್ಣ ಪ್ರಕಾಶಕ್ಕೆ ಬರುವವರೆಗೆ ಕಾಯುವುದು. ಪಾದರಸದ ದೀಪವನ್ನು ಅದರ ಕವಚದೊಳಗೇ ಉರಿಸಬೇಕು. ಹೊರಗಾಜು ಒಡೆದ ದೀಪದಿಂದ ಹೊರಡುವ ಅತಿನೇರಿಳೆ ಕಿರಣಗಳು ಕಣ್ಣಿಗೆ ಹಾನಿಕರ. ಒಮ್ಮೆ ಆರಿಸಿದ ದೀಪವನ್ನು ತಣಿಯುವ ಮೊದಲು ಮತ್ತೆ ಹೊತ್ತಿಸಲು ಹೋಗಬಾರದು.

ಅನಂತರ ಗ್ರೇಟಿಂಗನ್ನು ಎರಡು ಅಂಚುಗಳಲ್ಲಿ ಹಿಡಿದು, ಮೇಜಿನ ಮೂರು ತಿರುಪುಗಳಲ್ಲಿ ಎರಡನ್ನು ಕೂಡಿಸುವ ಗೆರೆಗೆ ಲಂಬವಾಗಿ ನಿಲ್ಲಿಸಬೇಕು. ಹಿಡಿಕೆಯ ತಿರುಪನ್ನು ಅದು ಅಲುಗದಿರುವಷ್ಟು ಮಾತ್ರ ಬಿಗಿಯಬೇಕು. ಹೆಚ್ಚು ಬಿಗಿದರೆ ಗಾಜು ಬಾಗುತ್ತದೆ. ದೂರದರ್ಶಕವನ್ನು ನೇರಕಿರಣದಿಂದ ೯೦ ಅಂಶ ತಿರುಗಿಸಿ ನಿಲ್ಲಿಸಿ, ಸೀಳುಗಂಡಿಯ ಪ್ರತಿಫಲಿತ ಬಿಂಬ ಅಡ್ಡತಂತಿಯ ಮೇಲೆ ಬೀಳುವವರೆಗೆ ಮೇಜನ್ನು ತಿರುಗಿಸಿ, ಬಿಂಬ ಮೇಲೆ ಕೆಳಗೆ ಹೋಗಿದ್ದರೆ ಆ ಎರಡು ತಿರುಪುಗಳಲ್ಲೊಂದರಿಂದ ಸರಿಪಡಿಸಬೇಕು. ಆಮೇಲೆ ಮೇಜನ್ನು ೪೫ ಅಂಶ ತಿರುಗಿಸಿದರೆ ಬೆಳಕು ಫಲಕದ ಮೇಲೆ ಲಂಬವಾಗಿ ಬೀಳುತ್ತದೆ. ಗೆರೆಯುಳ್ಳ ಮುಖ ದೂರದರ್ಶಕದ ಕಡೆಗಿರಬೇಕು. ಆಗ ಬೆಳಕು ಗಾಜನ್ನು ಲಂಬವಾಗಿ ದಾಟಿದ ಮೇಲೆ ಗೆರೆಗಳನ್ನು ಸೇರುವುದರಿಂದ, ಗಾಜಿನ ಎರಡು ಮುಖಗಳ ಸಮಾನಾಂತರತೆಯಲ್ಲಿ ಅಲ್ಪ ಕೊರತೆಯಿದ್ದರೂ ಅದರ ಪ್ರಭಾವ ಕಡಿಮೆ. ಎಡ ಬಲಗಳ ರೋಹಿತಗಳಲ್ಲಿ ಒಂದು ಮೇಲೂ ಒಂದು ಕೆಳಗೂ ಕಂಡರೆ ಗೆರೆಗಳು ನೆಟ್ಟಗಿಲ್ಲವೆಂದು ಅರ್ಥ. ಅದನ್ನು ಮೂರನೆಯ ತಿರುಪಿನಿಂದ ತಿದ್ದಬೇಕು. ಎಲ್ಲ ಹೊಂದಾಣಿಕೆಯೂ ತಿರುಪುಗಳಿಂದಲೇ ನಡೆಯಬೇಕೇ ಹೊರತು ಫಲಕವನ್ನು ತಳ್ಳುವುದರಿಂದಲ್ಲ. ೧೫,೦೦೦ ಗೆರೆಗಳ ಫಲಕದಲ್ಲಿ ಸೋಡಿಯಮ್ಮಿನ ಮೊದಲ ಶ್ರೇಣಿ ೨೦ ಅಂಶ ೨೨ ಕಲೆಗಳ ಬಳಿ, ಎರಡನೆಯದು ೪೪ ಅಂಶದ ಬಳಿ ಕಾಣಬೇಕು, ಮೂರನೆಯದು ಇರಲಾರದು. ಎರಡೂ ಪಕ್ಕಗಳನ್ನು ಓದಿ ಸರಾಸರಿ ತೆಗೆದರೆ ಲಂಬತೆಯಲ್ಲಿ ಉಳಿದ ಅಲ್ಪ ದೋಷ ಬಹುಮಟ್ಟಿಗೆ ನಿವಾರಣೆಯಾಗುತ್ತದೆ.

ಕೆಲಸ ಮುಗಿದೊಡನೆ ಫಲಕ ಪೆಟ್ಟಿಗೆಯನ್ನು ಸೇರಬೇಕು. ಕರಾವಳಿಯ ಕಾಲೇಜುಗಳಲ್ಲಿ ಮಳೆಗಾಲದ ತೇವದಿಂದ ಬೂಷ್ಟು ಹಿಡಿಯುವ ಸಂಭವವಿರುವುದರಿಂದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ಲಿನ ಚೀಲವಿಡುವುದು ಒಳ್ಳೆಯದು. ಆಮ್ಲಗಳ ಸೀಸೆಗಳಿರುವ ಬೀರುವಿನಲ್ಲಿ ಅದನ್ನು ಇಡಲೇಬಾರದು.

ಗ್ರೆಗೊರಿಯ ಗರಿಯಿಂದ ಲೇಸರಿನವರೆಗಿನ ಈ ಮೂರು ಶತಮಾನಗಳ ಪ್ರಯಾಸವೆಲ್ಲ ಗೆರೆಗಳ ನಡುವಣ ಅಂತರವನ್ನು ಸಮನಾಗಿಡುವುದಕ್ಕಾಗಿ ನಡೆಯಿತು. ತಿರುಪಿನ ತಪ್ಪನ್ನು ರೋಲೆಂಡನು ಅರೆದು ಅರೆದು ಕಳೆದನು; ಮೀಟರ್ ದಂಡದ ತಪ್ಪನ್ನು ತಾಲೇನನು ಲೆಕ್ಕದಿಂದ ತಿದ್ದಿದನು. ಕರವಸ್ತ್ರದಿಂದ ಉಜ್ಜಿಹೋದ ತೋಡನ್ನು ಮರಳಿ ತರುವ ಉಪಾಯ ಮಾತ್ರ ಯಾರಲ್ಲಿಯೂ ಇಲ್ಲ. ಅಧ್ಯಾಪಕರು ಗ್ರೇಟಿಂಗನ್ನು ವಿದ್ಯಾರ್ಥಿಯ ಕೈಗೆ ಕೊಡುವಾಗ ನಿಯಮದೊಡನೆ ಈ ಕಥೆಯನ್ನೂ ಐದು ನಿಮಿಷ ಹೇಳಿದರೆ, ಫಲಕಗಳ ಆಯುಸ್ಸೂ ಹೆಚ್ಚೀತು, ಪ್ರಯೋಗದ ಅರ್ಥವೂ ವಿದ್ಯಾರ್ಥಿಗಳಿಗೆ ಚೆನ್ನಾಗಿ ಮನದಟ್ಟಾದೀತು.